ಸದ್ದಿಗೆ ಸರಿಯುವ ಕೈ

"ಮೇಡಂ, ತಾತ ಮತ್ತೆ ಅಲ್ಲಾಡ್ಬಿಟ್ರು."

ಸ್ಕ್ಯಾನ್ ಕೋಣೆಯ ದಪ್ಪ ಬಾಗಿಲನ್ನು ಅರ್ಧ ತೆರೆದು ನಂದೀಶ ತಲೆ ಹೊರಗೆ ಹಾಕಿದ. ಎಂ.ಆರ್.ಐ ಯಂತ್ರ ನಡೆಸುವ ಹುಡುಗ ಅವನು. ಬೆಳಗ್ಗೆ ಬಂದಾಗ ನಗುನಗುತ್ತಲೇ ಮಾತಾಡಿಸಿದ್ದ. ಈಗ ಆ ನಗು ಬಾಡಿತ್ತು. ಶೈಲಜಾ ಮಡಿಲಲ್ಲಿದ್ದ ಚೀಲವನ್ನು ಪಕ್ಕದಲ್ಲಿ ಕೂತಿದ್ದ ಅತ್ತೆಯ ಕೈಗೆ ಕೊಟ್ಟು ಎದ್ದಳು.

"ಜಾಸ್ತಿ ಅಲ್ಲಾಡಿದ್ರಾ?"

"ಜಾಸ್ತಿ ಏನು ಬಂತು ಮೇಡಂ? ಕತ್ತಿನ ಸ್ಕ್ಯಾನ್ ಇದು. ಭುಜ ಒಂಚೂರು ಎಳೆದ್ರೂ ಪಿಕ್ಚರ್ ಎಲ್ಲಾ ಕಲಸಿಹೋಗತ್ತೆ. ಬನ್ನಿ, ನೀವೇ ನೋಡಿ."

ಗಾಜಿನ ಕಿಟಕಿಯ ಈಚೆಗಿದ್ದ ಕಂಪ್ಯೂಟರ್ ಪರದೆಯ ಮೇಲೆ ಅವಳ ಮಾವ ಕರಿಬಸಪ್ಪನವರ ಕುತ್ತಿಗೆ ಇತ್ತು. ಯಾರೋ ಒದ್ದೆ ಕಾಲಲ್ಲಿ ತುಳಿದುಹೋದ ರಂಗೋಲಿಯ ಹಾಗೆ ಗೆರೆಯ ಮೇಲೆ ಗೆರೆ ಹರಡಿತ್ತು. ಗಾಜಿನ ಆಚೆ ಅವರು ಬಿಳಿ ಕೊಳವೆಯಿಂದ ಹೊರಬಂದು, ಕಿವಿಯಲ್ಲಿ ಸ್ಪಂಜಿನ ತುಂಡು ಸಿಕ್ಕಿಸಿಕೊಂಡು, ಸೂರು ನೋಡುತ್ತಾ ಮಲಗಿದ್ದರು. ತೊಂದರೆಯಾದರೆ ಒತ್ತಿ ಎಂದು ಕೊಟ್ಟಿದ್ದ ರಬ್ಬರ್ ಚೆಂಡು ಅವರ ಬಲಗೈಯಲ್ಲೇ ಇತ್ತು.

ನಂದೀಶ ಅವರನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದಾಗ ಶೈಲಜಾ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಕೇಳಿದಳು. "ಮಾವಾ, ಹೆದರಿಕೆ ಆಗ್ತಿದೆಯಾ?"

"ಎಂಥಾ ಹೆದರಿಕೆ? ಮುಗೀತಾ?"

"ಅಲ್ಲಾಡಿದ್ರಂತೆ."

"ಯಾವನು ಹೇಳಿದ್ದು? ಕಲ್ಲು ಮಲಗಿದಂಗೆ ಮಲಗೀನಿ. ಆ ಹುಡುಗಗೆ ಮಷಿನ್ ನಡೆಸಾಕೆ ಬರಂಗಿಲ್ಲ."

ಅವರು ನಿಜವನ್ನೇ ಹೇಳುತ್ತಿದ್ದರು, ಅದು ಅವಳಿಗೆ ಕಾಣಿಸುತ್ತಿತ್ತು. ಸುಳ್ಳು ಹೇಳುವಾಗ ಅವರು ಮೀಸೆ ಮುಟ್ಟಿಕೊಳ್ಳುತ್ತಿದ್ದರು. ಇತ್ತೀಚೆಗೆ ಮೀಸೆ ಮುಟ್ಟಲೂ ಬೆರಳು ಸರಿಯಾಗಿ ಏಳುತ್ತಿರಲಿಲ್ಲ ಎಂಬುದು ಬೇರೆ ಮಾತು.

ಹೊರಗೆ ಕೂತಿದ್ದ ಅತ್ತೆ ರುದ್ರಮ್ಮ ಗಂಡನ ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಒಳಗೆ ಲೋಹದ್ದೇನೂ ಹೋಗಬಾರದು ಎಂದಾಗ, ಕೊರಳಿನ ಲಿಂಗ ಬಿಚ್ಚಲು ಮುದುಕ ಎಷ್ಟೋ ಹೊತ್ತು ಒಪ್ಪಿರಲಿಲ್ಲ. "ನನ್ನ ಸೆರಗಿನಾಗೆ ಇರ್ತೈತಿ, ಎಲ್ಲೂ ಹೋಗಂಗಿಲ್ಲ" ಎಂದು ಅವರೇ ಬಿಚ್ಚಿಸಿಕೊಂಡಿದ್ದರು. ಈಗ ಕೆಲಸವಾಗದೆ ಅದನ್ನೇ ವಾಪಸ್ ಕೊರಳಿಗೆ ಕಟ್ಟುವಾಗ ಗೊಣಗಿದರು. "ಬಿಚ್ಚಿಸಿದ್ದಾತು, ಕಟ್ಟಿದ್ದಾತು. ಬಂದದ್ದೇನಾತು?"

*

ಲಗ್ಗೆರೆಯ ಆ ಬಾಡಿಗೆ ಮನೆಯಲ್ಲಿ ಶುರುವಾದದ್ದು ರೊಟ್ಟಿಯಿಂದ. ಯುಗಾದಿ ಕಳೆದ ಮೇಲೆ ಒಂದು ದಿನ ಕರಿಬಸಪ್ಪನವರಿಗೆ ಒಂದೇ ಕೈಯಲ್ಲಿ ರೊಟ್ಟಿ ಮುರಿಯಲು ಆಗಲಿಲ್ಲ. ಆಮೇಲೆ ಅಂಗಿಯ ಗುಂಡಿ. ಆಮೇಲೆ ಚಪ್ಪಲಿ ಕಾಲಿನಿಂದ ಕಳಚಿ ಬಿದ್ದದ್ದೂ ತಿಳಿಯದೆ ಬರಿಗಾಲಲ್ಲಿ ಹಾಲಿನ ಬೂತಿನವರೆಗೆ ಹೋಗಿ ಬಂದರು. ಬೆಳಗಿನ ಪೂಜೆಯಲ್ಲಿ ಎಡ ಅಂಗೈ ಮೇಲಿಟ್ಟ ಲಿಂಗ ಒಮ್ಮೆ ವಾಲಿದಾಗ ಮಾತ್ರ ಅವರೇ ಬಾಯಿಬಿಟ್ಟು, "ಡಾಕ್ಟ್ರ ಹತ್ರ ಹೋಗಾಣ" ಅಂದದ್ದು.

ಡಾಕ್ಟರ್ ಸಿದ್ಧಾರ್ಥ್ ಮುದುಕನ ಮೊಣಕೈ, ಮಂಡಿಗಳ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರು. ಕುತ್ತಿಗೆಯ ಮೂಳೆ ಬೆಳೆದು ಒಳಗಿನ ನರದ ಹುರಿಯನ್ನು ಅಮುಕುತ್ತಿರಬೇಕು, ಆಪರೇಷನ್ ಮಾಡಿದರೆ ಇದ್ದದ್ದಾದರೂ ಉಳಿಯುತ್ತದೆ ಅಂದರು. "ಆದ್ರೆ ಎಲ್ಲಿ ಅಮುಕ್ತಿದೆ ಅಂತ ಕ್ಲಿಯರ್ ಆಗಿ ಕಾಣಬೇಕು. ಕಾಣದೆ ನಾನು ಕತ್ತಿಗೆ ಕತ್ತರಿ ಹಾಕಲ್ಲ. ಬೇಗ ಸ್ಕ್ಯಾನ್ ಮಾಡಿಸಿ. ಹೋದ ಶಕ್ತಿ ವಾಪಸ್ ಬರತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ."

ಅಷ್ಟು ಸರಳವಾಗಿತ್ತು ವಿಷಯ. ಒಂದು ಚಿತ್ರ ಬೇಕಿತ್ತು. ಚಿತ್ರಕ್ಕೆ ಮುದುಕ ಅಲುಗದೆ ಮಲಗಬೇಕಿತ್ತು.

ಮೊದಲ ಸ್ಕ್ಯಾನ್ ಕೆಟ್ಟ ದಿನ ರಾತ್ರಿ ಊಟಕ್ಕೆ ಕೂತಾಗ ಶೈಲಜಾಳ ಗಂಡ ಈರೇಶ ತಟ್ಟೆಯಿಂದ ತಲೆ ಎತ್ತದೆ ಕೇಳಿದ. "ಅಪ್ಪಾಜಿ, ಮೂವತ್ತು ವರ್ಷ ತಗಡು ಒತ್ತೋ ಪವರ್ ಪ್ರೆಸ್ಸಿನ ಮುಂದೆ ನಿಂತವರು ನೀವು. ಇಡೀ ಶೆಡ್ಡೇ ನಡುಗ್ತಿತ್ತು. ಈ ಮಷಿನ್ ಸದ್ದು ನಿಮಗೊಂದು ಲೆಕ್ಕಾನಾ?"

"ಅದನ್ನೇ ನಾನೂ ಹೇಳ್ತಿರೋದು."

"ಮತ್ಯಾಕೆ ಅಲ್ಲಾಡ್ತೀರಿ?"

"ನಾ ಅಲ್ಲಾಡಿಲ್ಲಲೇ!"

"ಅಲ್ಲಾಡದೆ ಫೋಟೋ ಹಂಗೆ ಬರತ್ತಾ?"

"ಬಿಡಿಸಿ ಮಾತಾಡೋ, ಅವರಿಗೆ ಅರ್ಧ ಕೇಳಂಗೇ ಇಲ್ಲ," ಎಂದರು ರುದ್ರಮ್ಮ, ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಗಂಡನ ತಟ್ಟೆಗೆ ಹಾಕುತ್ತಾ.

"ಅದೇ ಅಮ್ಮ! ಅರ್ಧ ಕಿವಿ ಕೇಳದೋರಿಗೆ ಸದ್ದಿನ ತೊಂದ್ರೆ ಏನು ಅಂತ. ಶಿಫ್ಟ್ ಬಿಟ್ಟು ಬಂದಿದ್ದೆ ಇವತ್ತು."

"ನೀವೆಲ್ಲಿ ಬಂದಿದ್ರಿ? ಬಿಟ್ಟು ಹೋದ್ರಿ ಅಷ್ಟೆ," ಎಂದಳು ಶೈಲಜಾ. "ರಜಾ ಹಾಕಿದ್ದು ನಾನು. ಹೆಡ್ ಮೇಡಂ ಮುಖ ನೋಡಬೇಕಿತ್ತು ನೀವು."

ಅವಳಿಗೆ ಹತ್ತಿರದ ಖಾಸಗಿ ಶಾಲೆಯ ಕಚೇರಿಯಲ್ಲಿ ಕೆಲಸ. ಈರೇಶನಿಗೆ ಪೀಣ್ಯದ ವಾಲ್ವ್ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಮಗಳು ಸ್ಫೂರ್ತಿ ಡಿಗ್ರಿ ಎರಡನೇ ವರ್ಷ. ಅವಳು ಮೊಬೈಲ್ ನೋಡುತ್ತಲೇ ಅಂದಳು: "ಅಪ್ಪ, ಆ ಮಷಿನ್ ಸೌಂಡು ರಾಕ್ ಕನ್ಸರ್ಟಿಗಿಂತ ಜಾಸ್ತಿ ಅಂತೆ. ನೀನು ಮಲಗಿ ನೋಡು ಒಂದ್ಸಲ."

"ನೀನು ಊಟ ಮಾಡು ಮೊದ್ಲು."

*

ಎರಡನೇ ಸಲ ಹೋದಾಗ ನಂದೀಶ ಸ್ಪಂಜಿನ ಮೇಲೆ ದಪ್ಪ ಹೆಡ್‌ಫೋನ್ ಹಾಕಿದ. ತಲೆಯ ಎರಡೂ ಬದಿಗೆ ಮೆತ್ತೆ ತುರುಕಿದ. ಸ್ಫೂರ್ತಿ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟಿದ್ದ ವಚನಗಳನ್ನು ಹೆಡ್‌ಫೋನಿಗೆ ಹಚ್ಚಿದ. "ಮನೆಯವರು ಒಬ್ಬರು ಒಳಗೇ ಇರಬಹುದು, ಮೇಡಂ. ಮೈಮೇಲೆ ಲೋಹ ಏನೂ ಇರಬಾರದು," ಅಂದ. ಶೈಲಜಾ ತಾಳಿ, ಬಳೆ, ಹೇರ್‌ಪಿನ್ನು, ಕಾಲುಂಗುರ ಎಲ್ಲ ಬಿಚ್ಚಿ ಅತ್ತೆಗೆ ಕೊಟ್ಟಳು. ಸೆರಗಿನ ಗಂಟು ದೊಡ್ಡದಾಯಿತು. ಅವಳ ಕಿವಿಗೂ ಸ್ಪಂಜು ಬಂತು.

ಮೊದಲು ಮೆಲ್ಲಗೆ ಟಿಕ್ ಟಿಕ್ ಎಂದಿತು. ಆಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ದಢ್, ದಢ್, ದಢ್ ಎಂದು ಶುರುವಾಯಿತು. ಸ್ಪಂಜನ್ನು ದಾಟಿ ಹಲ್ಲಿನವರೆಗೆ ಬಂತು ಆ ಸದ್ದು. ಶೈಲಜಾ ಕುರ್ಚಿಯ ಅಂಚು ಹಿಡಿದುಕೊಂಡಳು. ಕೊಳವೆಯಿಂದ ಹೊರಗೆ ಕಾಣುತ್ತಿದ್ದದ್ದು ಮಾವನ ಎದೆಯ ಕೆಳಗಿನ ಭಾಗ, ಹೊಟ್ಟೆಯ ಪಕ್ಕ ಇಟ್ಟಿದ್ದ ಎರಡು ಕೈ. ಅವಳು ಆ ಕೈಗಳನ್ನೇ ನೋಡುತ್ತಿದ್ದಳು.

ಮೊದಲ ದಢ್‌ಗೆ ಎರಡೂ ಕೈ ಒಟ್ಟಿಗೆ ಮೈಯ ಕಡೆ ಎಳೆದುಕೊಂಡವು. ಸದ್ದು ನಿಂತಿತು. ಕೈ ಮೆಲ್ಲಗೆ ಮುಂದಕ್ಕೆ ಜಾರಿದವು. ಮತ್ತೆ ದಢ್. ಮತ್ತೆ ಹಿಂದಕ್ಕೆ. ಅದರಲ್ಲಿ ಹೆದರಿಕೆಯ ಒರಟುತನ ಇರಲಿಲ್ಲ. ಬಾವಿಯಿಂದ ನೀರು ಸೇದುವವರ ಕೈಯಲ್ಲಿರುವಂಥ ಅಚ್ಚುಕಟ್ಟು ಇತ್ತು.

ಅವಳಿಗೆ ತಟ್ಟನೆ ನೆನಪಾಯಿತು. ಮದುವೆಯಾಗಿ ಬಂದ ಹೊಸತರಲ್ಲಿ ಅಡುಗೆಮನೆಯಲ್ಲಿ ಅವಳ ಕೈಯಿಂದ ಸ್ಟೀಲಿನ ತಟ್ಟೆ ಜಾರಿ ನೆಲಕ್ಕೆ ಬಿದ್ದಿತ್ತು. ನಡುಮನೆಯಲ್ಲಿ ಊಟಕ್ಕೆ ಕೂತಿದ್ದ ಮಾವ ತುತ್ತನ್ನು ಬಿಟ್ಟು ಕೈಯನ್ನು ಎದೆಗೆ ಎಳೆದುಕೊಂಡಿದ್ದರು. ಅನ್ನ ಅಂಗಿಯ ಮೇಲೆಲ್ಲ ಚೆಲ್ಲಿತ್ತು. "ನೋಡವ್ವಾ, ಈ ಮನೆಯಾಗೆ ಪಾತ್ರೆ ಬೀಳಿಸಬಾರ್ದು" ಎಂದಿದ್ದರು ಅತ್ತೆ, ಅಷ್ಟೇ. ಆವತ್ತಿನಿಂದ ಅವಳು ಪಾತ್ರೆಯ ಕೆಳಗೆ ಬಟ್ಟೆ ಹಾಸಿ ಇಡುವುದನ್ನು ಕಲಿತಿದ್ದಳು. ಅತ್ತೆಯ ಶಿಸ್ತು ಅಂದುಕೊಂಡಿದ್ದಳು ಅದನ್ನು.

ಚಿತ್ರ ಅವತ್ತೂ ಬರಲಿಲ್ಲ.

ಮನೆಗೆ ಬಂದು, ಮಾವ ಮಲಗಿದ ಮೇಲೆ, ಹುರುಳಿಕಾಯಿ ನಾರು ತೆಗೆಯುತ್ತಾ ಶೈಲಜಾ ಅತ್ತೆಗೆ ಹೇಳಿದಳು. "ಅತ್ತೆ, ಮಾವ ಅಲ್ಲಿ ಪ್ರೆಸ್ ನಡೆಸ್ತಾರೆ. ತಗಡು ಇಡೋ ಹಾಗೆ ಕೈ ಮುಂದಕ್ಕೆ, ಸದ್ದಿಗೆ ಸರಿಯಾಗಿ ಹಿಂದಕ್ಕೆ ತಗೋತಾರೆ. ಅವರಿಗೇ ಗೊತ್ತಿಲ್ಲ."

ರುದ್ರಮ್ಮನವರ ಕೈ ನಿಲ್ಲಲಿಲ್ಲ. "ಹೂಂ. ನಿದ್ದಿಯಾಗೂ ಹಂಗೇ ಮಾಡ್ತಾರೆ. ಹಿಂದಿನ ರಸ್ತೆ ಶೆಡ್ಡಿನಾಗೆ ಮಷಿನ್ ಬಿತ್ತು ಅಂದ್ರೆ ಇಲ್ಲಿ ಕೈ ಎಳಕೊಂತಾವೆ. ನನ್ನ ಮೂಗಿಗೆ ಎಷ್ಟು ಸಲ ಬಡದಾವೆ ಮೊಣಕೈ! ಅದಕ್ಕೇ ನಡುವೆ ದಿಂಬು ಇಟ್ಕೊಂಡು ಮಲಗೋದು ನಾನು."

"ಗೊತ್ತಿದ್ದೂ ಹೇಳಲಿಲ್ಲವಲ್ಲ ಅತ್ತೆ! ಎರಡು ಸಲ ಹೋಗಿ ಬಂದ್ವಿ."

"ಯಾರು ಕೇಳಿದ್ರಿ?" ಎಂದರು ಅವರು. ನಾರು ತೆಗೆದ ಕಾಯನ್ನು ಬುಟ್ಟಿಗೆ ಹಾಕಿ ಮತ್ತೆ ಅಂದರು. "ಆ ಕೈ ಹಿಂದಕ್ಕೆ ಬಂದಿದ್ದಕ್ಕೇ ಈ ಮನೆಯಾಗೆ ಹತ್ತು ಬೆರಳು ಉಳಿದಾವೆ. ಅವರ ಜತೆ ಕೆಲಸ ಮಾಡಿದೋರನ್ನ ನೋಡಿಲ್ಲೇನು, ನಮಸ್ಕಾರ ಮಾಡಿದ್ರೆ ಅರ್ಧ ಬೆರಳು ಇರಂಗಿಲ್ಲ. ಹಿಂದಕ್ಕೆ ತಗೋಬ್ಯಾಡ್ರಿ ಅಂತ ನಾ ಹೆಂಗೆ ಹೇಳ್ಲಿ?"

*

ಅಭ್ಯಾಸ ಮಾಡಿಸೋಣ ಎಂದವಳು ಸ್ಫೂರ್ತಿ. ಮೊಬೈಲಿನಲ್ಲಿ ಎಂ.ಆರ್.ಐ ಸದ್ದು ಹುಡುಕಿ ಇಳಿಸಿಕೊಂಡಳು. ಫ್ರಿಜ್ ಬಂದಿದ್ದ ರಟ್ಟಿನ ಡಬ್ಬವನ್ನು ಅಟ್ಟದಿಂದ ಇಳಿಸಿ ಎರಡೂ ಬದಿ ಕತ್ತರಿಸಿ ದಿವಾನದ ಮೇಲೆ ಕೊಳವೆಯ ಹಾಗೆ ಕೂರಿಸಿದಳು. ದಿನಾ ಸಂಜೆ ಕರಿಬಸಪ್ಪನವರು ವಿಭೂತಿ ಹಚ್ಚಿಕೊಂಡು ಆ ಡಬ್ಬದೊಳಗೆ ತಲೆ ತೂರಿಸಿ ಮಲಗಬೇಕು. ಮೊಮ್ಮಗಳು ಸ್ಪೀಕರಿನ ಸದ್ದು ಏರಿಸುತ್ತಾ ಹೋಗುತ್ತಾಳೆ.

"ಅಜ್ಜಾ, ಈಗ ಶುರು. ಕೈ ಹಂಗೇ ಇರ್ಲಿ."

"ಐತಲ್ಲ!"

"ಎಲ್ಲಿ ಐತೆ? ಎದೆ ಮೇಲೆ ಬಂದ್ಬಿಟ್ಟಿದೆ ನೋಡು."

"ಅದು ತುರಿಸ್ಕೊಳ್ಳಾಕೆ ಬಂದೈತಿ."

ಮನೆಯಲ್ಲಿ ಬಹಳ ದಿನಗಳ ಮೇಲೆ ನಗು ಕೇಳಿಸಿತು. ಮೂರನೇ ಸಂಜೆ ಕೆಳಗಿನ ಮನೆಯಿಂದ ಮನೆ ಒಡತಿ ಭಾಗ್ಯಮ್ಮ ಮೆಟ್ಟಿಲು ಹತ್ತಿ ಬಂದರು. ಲಗ್ಗೆರೆ ರಾಗಿ ಹೊಲವಾಗಿದ್ದಾಗಿನಿಂದ ಅಲ್ಲಿದ್ದವರು ಅವರು. ಸೊಂಟಕ್ಕೆ ಕೈ ಕೊಟ್ಟು ಬಾಗಿಲಲ್ಲಿ ನಿಂತರು.

"ಏನವ್ವಾ ಶೈಲಜಾ, ನನ್ನ ಮನೆಯೊಳಗೆ ಬೋರ್‌ವೆಲ್ ಏನಾರಾ ಕೊರೀತಾ ಇದೀಯಾ? ಇಂಗೆ ಬಡೀತಾ ಐತೆ, ಶೋಕೇಸ್ನಾಗಿರೋ ಬೊಂಬೆ ಎಲ್ಲಾ ಕುಣೀತಾವೆ!"

"ಮಾವನಿಗೆ ಸ್ಕ್ಯಾನಿಂಗ್ ಪ್ರಾಕ್ಟೀಸು, ಆಂಟಿ."

ಭಾಗ್ಯಮ್ಮ ಡಬ್ಬದಿಂದ ಹೊರಗೆ ಚಾಚಿದ್ದ ಪಾದಗಳನ್ನು ನೋಡಿದರು. "ಅಯ್ಯೋ ಶಿವನೇ! ಯಜಮಾನ್ರನ್ನ ಪಾರ್ಸಲ್ ಮಾಡ್ಬಿಟ್ಟಿದೀರಲ್ಲಾ," ಎಂದವರು ಅಲ್ಲೇ ಕೂತು ಕಾಫಿ ಕುಡಿದು, "ದೇವ್ರು ಒಳ್ಳೇದು ಮಾಡ್ಲಿ. ಬಡ್ಕೊಳ್ಳಿ, ನಾನೇನೂ ಅನ್ನಲ್ಲ" ಎಂದು ಇಳಿದುಹೋದರು.

ಒಂದೇ ಸಮನೆ ಸದ್ದು ಬಂದರೆ ಕೈ ಸುಮ್ಮನಿರುವುದನ್ನು ಕಲಿತವು. ಸದ್ದು ನಿಂತು ಮತ್ತೆ ಶುರುವಾದರೆ ಮಾತ್ರ ಸೋಲು. ನಿಲ್ಲುವಾಗ ಮುಂದೆ, ಬೀಳುವಾಗ ಹಿಂದೆ. ಆ ಯಂತ್ರವೋ ನಿಂತು ನಿಂತೇ ಬಡಿಯುವಂಥದು. ಭಾನುವಾರ ಈರೇಶ ಸ್ವಲ್ಪ ಹೊತ್ತು ನೋಡಿ, ಮಗಳ ವೇಲ್ ತೆಗೆದುಕೊಂಡು ಅಪ್ಪನ ಎರಡು ಮಣಿಕಟ್ಟಿಗೂ ಸುತ್ತಿ ದಿವಾನದ ಕಾಲಿಗೆ ಕಟ್ಟಿದ. ಮೆತ್ತಗೇ ಕಟ್ಟಿದ್ದ. ಕಟ್ಟುವಾಗ "ನೋವಾಗ್ತಿದೆಯಾ?" ಅಂತಲೂ ಕೇಳಿದ್ದ. ಸ್ಫೂರ್ತಿ ಸದ್ದು ಹಚ್ಚಿದಳು.

ಕರಿಬಸಪ್ಪ ಕೂಗಿಕೊಂಡರು. ಶೈಲಜಾ ಈ ಮನೆಗೆ ಬಂದಾಗಿನಿಂದ ಅಂಥ ಕೂಗು ಕೇಳಿರಲಿಲ್ಲ. ರಟ್ಟಿನ ಡಬ್ಬ ಉರುಳಿ ಟೀಪಾಯಿಗೆ ಬಡಿಯಿತು. ಅವರ ಕಾಲು ಒದ್ದುಕೊಳ್ಳುತ್ತಿತ್ತು.

"ಬಿಚ್ಚು! ಬಿಚ್ಚಲೇ! ಕೈ ಕಟ್ಟಿ ಮಷಿನ್ ಹಾಕ್ತೀರೇನು? ಕೈ ಒಳಗದಾವೆ! ಕೈ ಒಳಗದಾವೆ!"

ರುದ್ರಮ್ಮ ಅಡುಗೆಮನೆಯಿಂದ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಗಂಟು ಬಿಚ್ಚಿದರು. ಗಂಟು ಬಿಚ್ಚಿದ ಮೇಲೂ ಮುದುಕ ಬಹಳ ಹೊತ್ತು ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತರು. ಈರೇಶ ವೇಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಅವತ್ತಿಗೆ ಅಭ್ಯಾಸ ಮುಗಿಯಿತು. ಡಬ್ಬ ಅಟ್ಟಕ್ಕೆ ಹೋಯಿತು.

*

ಉಳಿದಿದ್ದು ಎರಡು ದಾರಿ. ಮತ್ತಿನ ಔಷಧಿ ಕೊಟ್ಟು ಮಲಗಿಸಿ ಸ್ಕ್ಯಾನ್ ಮಾಡುವುದು ಒಂದು. ಆದರೆ ಮತ್ತು ಕೊಡುವ ಡಾಕ್ಟರು ಎದೆಯ ಎಕ್ಸ್‌ರೇ ನೋಡಿ ಮುಖ ಸಣ್ಣ ಮಾಡಿದ್ದರು. ಶೆಡ್ಡಿನ ಧೂಳು, ಎಣ್ಣೆಹೊಗೆ, ಬೀಡಿ ಎಲ್ಲ ಸೇರಿ ಶ್ವಾಸಕೋಶ ಸವೆದಿತ್ತು. ಕೊಡಬಹುದು, ಆದರೆ ಏನಾದರೂ ಆದರೆ ಉಸಿರಿನ ಯಂತ್ರಕ್ಕೆ ಹಾಕಬೇಕಾದೀತು, ನೀವು ಒಪ್ಪಿ ಸಹಿ ಹಾಕಬೇಕು ಅಂದಿದ್ದರು. ಇನ್ನೊಂದು ದಾರಿ ತೋರಿಸಿದವನು ನಂದೀಶ. ವೈಟ್‌ಫೀಲ್ಡ್ ಕಡೆ ಒಂದು ದೊಡ್ಡ ಆಸ್ಪತ್ರೆಗೆ ಹೊಸ ಯಂತ್ರ ಬಂದಿದೆ, ಸದ್ದು ತೀರಾ ಕಮ್ಮಿ, ಮಕ್ಕಳು ಅದರಲ್ಲಿ ನಿದ್ದೆ ಹೋಗುತ್ತವೆ ಅಂದಿದ್ದ. ಶೈಲಜಾ ಫೋನು ಮಾಡಿ ಕೇಳಿದಳು. ಖಾಲಿ ಇಲ್ಲ, ಮುಂದಿನ ತಿಂಗಳ ಮೊದಲ ವಾರ ಬನ್ನಿ ಅಂದರು.

"ಮುಂದಿನ ತಿಂಗಳು!" ಎಂದ ಈರೇಶ. ಅವಳು ಅವನಿಗೆ ಮಂಡಕ್ಕಿ ಒಗ್ಗರಣೆ ಬಡಿಸುತ್ತಿದ್ದಳು. "ಡಾಕ್ಟ್ರು ಬೇಗ ಅಂದಿದ್ದಾರೆ, ನೀನು ಮುಂದಿನ ತಿಂಗಳು ಅಂತೀಯಲ್ಲ."

"ಮತ್ತು ಕೊಟ್ಟು ಉಸಿರು ನಿಂತರೆ?"

"ಎಲ್ಲರಿಗೂ ನಿಲ್ಲಲ್ಲ."

"ಸಹಿ ಹಾಕ್ತೀರಾ ನೀವು?"

ಅವನು ಮಂಡಕ್ಕಿಯಲ್ಲಿ ಸಿಕ್ಕ ಮೆಣಸಿನಕಾಯಿ ಆರಿಸಿ ಬದಿಗಿಟ್ಟ.

"ನಾ ಒಪ್ಪಂಗಿಲ್ಲ," ಎಂದರು ರುದ್ರಮ್ಮ. "ಎಚ್ಚರ ಇಲ್ಲದಂಗೆ ಮಾಡಿ ಗುಹೆಯೊಳಗೆ ಕಳಿಸಾದು ಬ್ಯಾಡ. ಶೈಲಾ ಹೇಳ್ದಂಗೆ ಆ ಸದ್ದಿಲ್ಲದ ಮಷಿನ್ನಿಗೇ ಹೋಗಾಣ."

"ಅಪ್ಪಾಜಿ, ನೀವೇನಂತೀರಿ?"

ಕರಿಬಸಪ್ಪ ಮಂಡಕ್ಕಿಯನ್ನು ಚಮಚದಿಂದ ತಿನ್ನಲು ಹೆಣಗುತ್ತಿದ್ದರು. ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಮಡಿಲಿಗೆ ಬೀಳುತ್ತಿತ್ತು. "ನನ್ನ ಕೇಳಿ ಏನಾಗಬೇಕೈತಿ? ನನ್ನ ಮಾತು ನನ್ನ ಕೈಯೇ ಕೇಳವಲ್ದು," ಎಂದು ನಕ್ಕರು. ಯಾರೂ ನಗಲಿಲ್ಲ.

"ನಿನ್ನಿಷ್ಟ," ಎಂದ ಈರೇಶ ಹೆಂಡತಿಗೆ. ಎದ್ದು ಕೈ ತೊಳೆದುಕೊಂಡ.

ಅವಳು ಆಸ್ಪತ್ರೆಗೆ ಮತ್ತೆ ಫೋನು ಮಾಡಿ ಹೆಸರು ಬರೆಸಿದಳು. ಅವಳಿಗೆ ಆ ದಿನ ಎದೆ ಹಗುರವಾಯಿತು. ಬೈಯದೆ, ಕಟ್ಟದೆ, ಮತ್ತಿನ ಔಷಧಿ ಕೊಡದೆ ಆಗುವ ಒಂದು ಕೆಲಸ ಸಿಕ್ಕಿತಲ್ಲ ಎಂದು.

ಆಮೇಲಿನ ದಿನಗಳಲ್ಲಿ ಮನೆ ಕಾಯಿತು. ಕಾಯುವುದೂ ಒಂದು ಕೆಲಸವೇ ಆಗಿತ್ತು. ಬೆಳಗ್ಗೆ ಮಾವನಿಗೆ ಸ್ನಾನ ಮಾಡಿಸಲು ಈರೇಶ, ಗುಂಡಿ ಹಾಕಲು ಸ್ಫೂರ್ತಿ, ತಿನ್ನಿಸಲು ಅತ್ತೆ, ಉಳಿದ ಎಲ್ಲದಕ್ಕೂ ಶೈಲಜಾ. ಪೂಜೆಯ ಹೊತ್ತಿಗೆ ರುದ್ರಮ್ಮ ಗಂಡನ ಎಡ ಅಂಗೈಯ ಕೆಳಗೆ ತಮ್ಮ ಅಂಗೈ ಆನಿಸಿ ಕೂರುತ್ತಿದ್ದರು. ಮೊದಮೊದಲು ಮುದುಕ ಸಿಡುಕಿದರು. "ನಿನ್ನ ಪೂಜೆ ನೀ ಮಾಡ್ಕೋ, ನನ್ನದು ನನಗೆ ಬಿಡು." ಆಮೇಲೆ ಸಿಡುಕುವುದನ್ನು ಬಿಟ್ಟರು. ಶೈಲಜಾ ಶಾಲೆಯ ಫೀಸು ರಸೀತಿ ಬರೆಯುತ್ತಾ ಕೂತಿರುವಾಗಲೂ, ಇವತ್ತು ಎಷ್ಟು ತುತ್ತು ತಾವೇ ತಿಂದರು ಎಂಬುದೇ ತಲೆಯಲ್ಲಿ ಓಡುತ್ತಿತ್ತು. ಇಳಿಯುತ್ತಿದೆ ಎಂದು ಗೊತ್ತಾಗುತ್ತಿತ್ತು. ಇನ್ನೇನು ಬಂತಲ್ಲ ದಿನ, ಎಂದುಕೊಳ್ಳುತ್ತಿದ್ದಳು.

ಮುಂದಿನ ಸೋಮವಾರ ವೈಟ್‌ಫೀಲ್ಡಿಗೆ ಹೋಗುವುದಿತ್ತು. ಅದರ ಹಿಂದಿನ ಗುರುವಾರ ಬೆಳಗ್ಗೆ ಹಿಂದಿನ ರಸ್ತೆಯ ಶೆಡ್ಡಿನಲ್ಲಿ ಯಾರೋ ಲಾರಿಯಿಂದ ಕಬ್ಬಿಣದ ತಗಡು ಇಳಿಸುತ್ತಿದ್ದರು. ಒಂದು ತಗಡು ಕೈಜಾರಿ ಕೆಳಗೆ ಬಿತ್ತು. ಅದರ ಸದ್ದು ಶೈಲಜಾಗೆ ಅಡುಗೆಮನೆಯಲ್ಲಿ ಕೇಳಿಸಿತು. ಅದರ ಬೆನ್ನಿಗೇ ಬಚ್ಚಲ ಕಡೆಯಿಂದ ಇನ್ನೊಂದು ಸದ್ದು, ಮೆತ್ತನೆಯದು.

ಕರಿಬಸಪ್ಪ ಬಚ್ಚಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರಂತೆ. ಈರೇಶ ಟವೆಲ್ ತರಲು ತಿರುಗಿದ್ದ, ಅಷ್ಟೆ. ಹಿಡಿದಿದ್ದ ಕೈ ಎರಡೂ ಹಿಂದಕ್ಕೆ ಬಂದಿದ್ದವು.

*

ಆಂಬುಲೆನ್ಸ್ ಹತ್ತಿರದ ಆಸ್ಪತ್ರೆಗೇ ಹೋಯಿತು. ಅದೇ ದಪ್ಪ ಬಾಗಿಲು, ಅದೇ ನಂದೀಶ. ಕುತ್ತಿಗೆಗೆ ಪಟ್ಟಿ ಕಟ್ಟಿದ್ದ ಮುದುಕನನ್ನು ನೋಡಿ ಅವನು "ಏನ್ ತಾತ, ಮತ್ತೆ ಬಂದ್ಬಿಟ್ರಾ?" ಎಂದು ತಮಾಷೆ ಮಾಡಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ರುದ್ರಮ್ಮ ಕರಡಿಗೆ ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡರು. ಈ ಸಲ ಕರಿಬಸಪ್ಪ ಬೇಡ ಅನ್ನಲಿಲ್ಲ.

"ಮೇಡಂ, ಎಮರ್ಜೆನ್ಸಿ. ಎಷ್ಟು ಸಿಗತ್ತೋ ಅಷ್ಟು ತೆಗೀತೀನಿ," ಎಂದ ನಂದೀಶ. "ಒಂದ್ಸಲ ಹೇಳಿ ಅವರಿಗೆ, ಅಲ್ಲಾಡಬಾರದು ಅಂತ."

ಶೈಲಜಾ ಬಗ್ಗಿದಳು. "ಮಾವಾ, ಸ್ವಲ್ಪ ಹೊತ್ತು. ಸುಮ್ನೆ ಇರಿ ಆಯ್ತಾ?"

ಅವರು ಕಣ್ಣಲ್ಲೇ ಆಯಿತು ಅಂದರು. ನಂದೀಶ ರಬ್ಬರ್ ಚೆಂಡನ್ನು ಅವರ ಅಂಗೈಲಿಟ್ಟ. ಅದು ಉರುಳಿ ಕೆಳಗೆ ಬಿತ್ತು. ಅವನು ಎತ್ತಿಕೊಂಡು ಮತ್ತೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿ ಮುಚ್ಚಿದ.

ಹಿಂದಿನ ಸಲದ ಹಾಗೆ ಅವಳು ಒಳಗೆ ಕೂರಲಿಲ್ಲ. ಗಂಡನ ಪಕ್ಕ ಗಾಜಿನ ಈಚೆ ನಿಂತಳು. ದಢ್, ದಢ್ ಎಂದು ಶುರುವಾದಾಗ ಅವಳ ಭುಜಗಳು ತಾವಾಗಿಯೇ ಬಿಗಿದುಕೊಂಡವು. ನಿಂತಿತು. ಮತ್ತೆ ಬಡಿಯಿತು. ಪರದೆಯ ಮೇಲೆ ಬಿಳಿ ಕಪ್ಪು ಗೆರೆಗಳು ಒಂದೊಂದೇ ಬಂದು ಕೂತವು, ಚಾಕುವಿನಲ್ಲಿ ಕೊರೆದಷ್ಟು ಸ್ಪಷ್ಟವಾಗಿ. ಮಣಿಮಣಿಯಾಗಿ ಮೂಳೆ, ನಡುವೆ ಬೂದು ಬಣ್ಣದ ಹುರಿ, ಹುರಿಯನ್ನು ಎರಡು ಕಡೆಯಿಂದ ಹಿಸುಕಿ ಹಿಡಿದ ಒಂದು ಜಾಗ.

"ಅಬ್ಬಾ! ನೋಡಿ ಸಾರ್, ಎಷ್ಟು ಚೆನ್ನಾಗಿ ಬಂದಿದೆ!" ನಂದೀಶ ಕುರ್ಚಿಯಲ್ಲಿ ತಿರುಗಿದ. "ಒಂಚೂರೂ ಅಲ್ಲಾಡ್ತಿಲ್ಲ ತಾತ. ನಿಮ್ ಪ್ರಾಕ್ಟೀಸ್ ವರ್ಕೌಟ್ ಆಯ್ತು ಮೇಡಂ!"

ಈರೇಶ ಉಸಿರು ಬಿಟ್ಟ. ಹೆಂಡತಿಯ ಬೆನ್ನ ಮೇಲೆ ಕೈಯಿಟ್ಟು ಒಮ್ಮೆ ತಟ್ಟಿದ. ಎಷ್ಟೋ ದಿನಗಳ ಮೇಲೆ ಅವನು ಹಾಗೆ ಮುಟ್ಟಿದ್ದು. ಶೈಲಜಾ ಪರದೆಯನ್ನು ಬಿಟ್ಟು ಗಾಜಿನ ಆಚೆ ನೋಡುತ್ತಿದ್ದಳು. ದಢ್ ಎಂದಿತು. ಹೊಟ್ಟೆಯ ಪಕ್ಕ ಎರಡು ಕೈ ಇಟ್ಟ ಹಾಗೇ ಇದ್ದವು. ಚೆಂಡಿನ ಮೇಲೆ ಮಡಿಸಿಟ್ಟ ಬೆರಳು ನಂದೀಶ ಮಡಿಸಿದ ಹಾಗೇ ಇದ್ದವು.

ಅವಳು ಹೊರಗೆ ಬಂದಾಗ ರುದ್ರಮ್ಮ ಎದ್ದು ನಿಂತಿದ್ದರು.

"ಅಲ್ಲಾಡಿದ್ರಾ?"

"ಇಲ್ಲ ಅತ್ತೆ."

"ಒಂದು ಸಲಾನೂ?"

"ಇಲ್ಲ."

ಅವರು ಕುರ್ಚಿಯ ಮೇಲೆ ಮೆಲ್ಲಗೆ ಕೂತರು. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎದುರಿನ ಗೋಡೆ ನೋಡುತ್ತಾ ಕೂತರು.

*

ಚಿತ್ರ ಸಿಕ್ಕಿತ್ತು. ಆಪರೇಷನ್ನೂ ಆಯಿತು. ಬಹಳ ಜೋಪಾನವಾಗಿ ಮತ್ತು ಕೊಟ್ಟರು, ಈರೇಶ ಸಹಿ ಹಾಕಿದ, ಉಸಿರು ನಿಲ್ಲಲಿಲ್ಲ. ಹಾಗಾದರೆ ಮೊದಲೇ ಕೊಡಬಹುದಿತ್ತು ಎಂಬ ಆ ಒಂದು ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಈರೇಶ ಆಡಿದ್ದರೆ ಶೈಲಜಾಗೆ ಒಳ್ಳೆಯದಾಗುತ್ತಿತ್ತು, ತಿರುಗಿ ಜಗಳವಾಡಬಹುದಿತ್ತು. ಅವನು ಬೆಳಗ್ಗೆ ಬಂದು, ಕ್ಯಾರಿಯರ್ ಇಟ್ಟು, "ನೀನು ತಿಂದ್ಯಾ?" ಎಂದಷ್ಟೇ ಕೇಳಿ ಕೆಲಸಕ್ಕೆ ಹೋಗುತ್ತಿದ್ದ.

"ಅಮುಕಿದ್ದನ್ನ ಬಿಡಿಸಿದ್ದೀವಿ," ಎಂದಿದ್ದರು ಡಾಕ್ಟರ್ ಸಿದ್ಧಾರ್ಥ್. "ಕಾಲು ಸುಧಾರಿಸಬಹುದು. ಕೈ... ನೋಡೋಣ. ಬಿದ್ದಾಗ ಆದ ಪೆಟ್ಟು ಜಾಸ್ತಿ."

"ಮೊದಲೇ ಸ್ಕ್ಯಾನ್ ಆಗಿದ್ರೆ ಡಾಕ್ಟ್ರೇ?" ಎಂದು ಅವಳು ಕೇಳಿಯೇಬಿಟ್ಟಿದ್ದಳು.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಆ ಥರ ಯೋಚನೆ ಮಾಡೋಕೆ ಹೋಗ್ಬೇಡಿ, ಅಮ್ಮ."

ಸೋಮವಾರ ಮಧ್ಯಾಹ್ನ ಊಟದ ಹೊತ್ತು. ವಾರ್ಡಿನ ಕಿಟಕಿಯಿಂದ ಪೀಣ್ಯದ ಶೆಡ್ಡುಗಳ ತಗಡಿನ ಮಾಡು ಬಿಸಿಲಿಗೆ ಹೊಳೆಯುತ್ತಿತ್ತು. ರುದ್ರಮ್ಮ ಮೆತ್ತಗೆ ಕಲಸಿದ ಮೊಸರನ್ನವನ್ನು ಗಂಡನ ಬಾಯಿಗೆ ಇಡುತ್ತಿದ್ದರು. ಕರಿಬಸಪ್ಪ ಸಣ್ಣ ಮಗುವಿನ ಹಾಗೆ ಬಾಯಿ ತೆರೆಯುತ್ತಿದ್ದರು. ನಡುವೆ ಒಮ್ಮೆ "ಉಪ್ಪು ಕಮ್ಮಿ ಐತಿ" ಎಂದರು. ರುದ್ರಮ್ಮ, "ನಾಲಿಗೆ ಒಂದು ಸರಿ ಐತಿ ನೋಡು ನಿಮ್ಮದು" ಅಂದರು.

ಶೈಲಜಾ ಕ್ಯಾರಿಯರಿನ ಡಬ್ಬಿಗಳನ್ನು ಜೋಡಿಸುತ್ತಿದ್ದಳು. ತೊಳೆದಿಟ್ಟಿದ್ದ ಸ್ಟೀಲಿನ ತಟ್ಟೆಗೆ ಮೊಣಕೈ ತಗುಲಿತು. ಇಷ್ಟು ವರ್ಷ ಬಟ್ಟೆ ಹಾಸಿ ಇಟ್ಟ ಅಭ್ಯಾಸ, ಇಲ್ಲಿ ಬಟ್ಟೆ ಇರಲಿಲ್ಲ. ತಟ್ಟೆ ಕಲ್ಲಿನ ನೆಲಕ್ಕೆ ಬಿದ್ದು, ತಿರುತಿರುಗಿ ಸದ್ದು ಮಾಡಿ ಮಂಚದ ಕೆಳಗೆ ನಿಂತಿತು. ಆಚೆ ಮಂಚದ ರೋಗಿ ಬೆಚ್ಚಿ ಎದ್ದು ಕೂತ. ಶೈಲಜಾ ನಾಲಿಗೆ ಕಚ್ಚಿಕೊಂಡು ಅತ್ತೆಯ ಕಡೆ ನೋಡಿದಳು.

ರುದ್ರಮ್ಮ ಅವಳನ್ನು ನೋಡುತ್ತಿರಲಿಲ್ಲ. ತುತ್ತು ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. ಹೊದಿಕೆಯ ಮೇಲೆ ಪಕ್ಕಪಕ್ಕದಲ್ಲಿ ಮಲಗಿದ್ದ ಗಂಡನ ಎರಡು ಕೈಗಳ ಮೇಲೆ ಅವರ ಕಣ್ಣಿತ್ತು. ಕರಿಬಸಪ್ಪನವರೂ ತಮ್ಮ ಕೈಗಳನ್ನೇ ನೋಡುತ್ತಿದ್ದರು. ಹತ್ತೂ ಬೆರಳು ಇದ್ದವು.

"ಶೈಲಾ," ಎಂದರು ರುದ್ರಮ್ಮ.

"ತಪ್ಪಾಯ್ತು ಅತ್ತೆ, ಕೈ ತಾಗ್ಬಿಡ್ತು."

"ಎತ್ಕೋ ಅದನ್ನ."

ಅವಳು ಬಗ್ಗಿ ಎತ್ತಿಕೊಂಡಳು.

"ಇನ್ನೊಂದು ಸಲ ಬೀಳ್ಸು."

ಶೈಲಜಾ ಮಾವನ ಮುಖ ನೋಡಿದಳು. ಅವರು ಅವಳನ್ನು ನೋಡಲಿಲ್ಲ. ಬೆಳಗಿನ ಪೂಜೆಗೆ ಕೂತವರ ಹಾಗೆ ಎಡ ಅಂಗೈಯಲ್ಲಿ ಕಣ್ಣಿಟ್ಟು, ತಲೆ ಒಂದು ಚೂರು ಆಡಿಸಿದರು.

ಅವಳು ತಟ್ಟೆಯನ್ನು ಎದೆಯ ಮಟ್ಟಕ್ಕೆ ಎತ್ತಿ ಕೈ ಬಿಟ್ಟಳು.

"ಯಾರ್ರೀ ಅದು? ಪೇಷಂಟುಗಳು ಇದಾರೆ ಅಂತ ಗೊತ್ತಾಗಲ್ವಾ? ಸದ್ದು ಮಾಡ್ಬೇಡಿ!" ಎಂದು ಹೊರಗಿನಿಂದ ನರ್ಸ್ ಕೂಗಿದಳು.

ತಟ್ಟೆಯ ಸದ್ದು ಪೂರ್ತಿ ಅಡಗುವವರೆಗೂ ಮೂವರೂ ಆ ಕೈಗಳನ್ನೇ ನೋಡುತ್ತಿದ್ದರು. ಕೈಗಳು ಹೊದಿಕೆಯ ಮೇಲೆ ಇಟ್ಟ ಹಾಗೇ ಇದ್ದವು. ಆಮೇಲೆ ರುದ್ರಮ್ಮ, ಗಾಳಿಯಲ್ಲಿ ಹಿಡಿದಿದ್ದ ತುತ್ತನ್ನು ಗಂಡನ ಬಾಯಿಗೆ ಇಟ್ಟರು.